ಅಳಿಸಿದ ಎರಡನೇ ಸಾಲು

ತಿಪಟೂರಿನ ಟೈಲರ್ ಗೌಸ್ ಪೀರ್ ಅವರ ಮಗಳು ನೌಶೀನ್‌ಗೆ ಕಂಪ್ಯೂಟರ್ ಕೆಲಸ ಸಿಕ್ಕಿದ್ದು ಎರಡು ಸಾವಿರದ ಎಂಟರ ಏಪ್ರಿಲ್ ತಿಂಗಳಲ್ಲಿ. ಬಿ.ಕಾಂ. ಮುಗಿಸಿ, ಸೀನಿಯರ್ ಟೈಪಿಂಗ್ ಪಾಸು ಮಾಡಿ, ಅಪ್ಪನ ಅಂಗಡಿಯಲ್ಲಿ ಶರಟುಗಳಿಗೆ ಕಾಜಾ ಹಾಕುತ್ತಾ ಕೂತಿದ್ದ ಇಪ್ಪತ್ತಮೂರರ ಹುಡುಗಿ. ಊರಿನ ನೋಂದಣಿ ಕಚೇರಿಯಲ್ಲಿ ಹುಟ್ಟು ಸಾವುಗಳನ್ನು ದಪ್ಪ ಪುಸ್ತಕದಲ್ಲಿ ಬರೆಯುವುದನ್ನು ನಿಲ್ಲಿಸಿ ಇನ್ನು ಇಂಟರ್ನೆಟ್ಟಿನ ಫಾರಂನಲ್ಲೇ ತುಂಬಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ತುಂಬುವವರು ಬೇಕಿತ್ತು. ಗುತ್ತಿಗೆಯ ಕೆಲಸ, ಆದರೂ ಕೆಲಸ.

ಅವಳ ಮೇಲೆ ಇದ್ದವರು ಗುಮಾಸ್ತ ಅಣ್ಣಯ್ಯ. ರಿಟೈರಾಗಲು ಮೂರು ವರ್ಷ ಬಾಕಿ ಇದ್ದ, ಮಾತು ಜಾಸ್ತಿ ಸಿಟ್ಟು ಕಡಿಮೆ ಇದ್ದ ಮನುಷ್ಯ. ಆಸ್ಪತ್ರೆಗಳಿಂದ ಬಂದ ಕಾಗದಗಳಿಗೆಲ್ಲ ಮೂಲೆಯಲ್ಲಿ ಕೆಂಪು ಶಾಯಿಯ ನಂಬರು ಹಾಕಿ ಅವಳ ಮೇಜಿನ ಮೇಲೆ ಇಡುತ್ತಿದ್ದರು. ಬೆಳಿಗ್ಗೆ ಹುಟ್ಟಿದವರ ಕಾಗದ, ಮಧ್ಯಾಹ್ನದ ಮೇಲೆ ಸತ್ತವರದು. ಮೊದಲ ತಿಂಗಳು ನೌಶೀನ್ ಪ್ರತಿ ಕಾಗದವನ್ನೂ ಓದುತ್ತಿದ್ದಳು. ಹತ್ತೊಂಬತ್ತು ವರ್ಷ, ವಿಷ ಸೇವನೆ. ಅರವತ್ತು, ಹೃದಯಾಘಾತ. ನಲವತ್ತೆರಡು, ತೆಂಗಿನ ಮರದಿಂದ ಬಿದ್ದು. ಮೂರನೇ ತಿಂಗಳಿಗೆ ಓದುವುದು ನಿಂತಿತು. ಕಣ್ಣು ಕಾಗದದ ಮೇಲೆ, ಬೆರಳು ಕೀಲಿಗಳ ಮೇಲೆ, ನಡುವೆ ತಾನು ಇದ್ದೇನೆಯೋ ಇಲ್ಲವೋ ಎಂಬುದು ಅವಳಿಗೇ ಗೊತ್ತಾಗುತ್ತಿರಲಿಲ್ಲ.

ಆ ಫಾರಂಗೊಂದು ಕಾಯಿಲೆ ಇತ್ತು. ಅದರ ಖಾಲಿ ಮನೆಗಳನ್ನೆಲ್ಲ ತುಂಬಿ ಕೆಳಗಿನ ‘ಸಲ್ಲಿಸಿ’ ಗುಂಡಿ ಒತ್ತಿದರೆ ಪರದೆ ಬೆಳ್ಳಗಾಗಿ ನಿಂತುಬಿಡುತ್ತಿತ್ತು. ಹೋಯಿತೋ ಇಲ್ಲವೋ ಹೇಳುವವರಿಲ್ಲ. ಟೆಲಿಫೋನ್ ತಂತಿಯ ಇಂಟರ್ನೆಟ್ಟು, ದಿನಕ್ಕೆ ನಾಲ್ಕು ಸಲ ಹೋಗುವ ಕರೆಂಟು, ಮೂಲೆಯಲ್ಲಿ ಕೀಂ ಕೀಂ ಎನ್ನುವ ಯುಪಿಎಸ್ಸು. ಎರಡು ನಿಮಿಷ ಕಾದು ನೌಶೀನ್ ಪುಟವನ್ನು ಮತ್ತೆ ತರಿಸುವ ಎಫ್ ಫೈವ್ ಕೀಲಿ ಒತ್ತುತ್ತಿದ್ದಳು. ಆಗ ಪರದೆಯ ಮೇಲೆ ಪುಟ್ಟದೊಂದು ಚೌಕ ತೆರೆದುಕೊಂಡು ಇಂಗ್ಲಿಷಿನಲ್ಲಿ ಏನೋ ಕೇಳುತ್ತಿತ್ತು. ಆಗಲೇ ಕಳಿಸಿದ್ದನ್ನು ಮತ್ತೊಮ್ಮೆ ಕಳಿಸಲೇ ಎಂದು ಅದರ ಅರ್ಥ. ಅವಳು ಓಕೆ ಎನ್ನುತ್ತಿದ್ದಳು. ಎನ್ನದಿದ್ದರೆ ಪರದೆ ಮುಂದಕ್ಕೆ ಸರಿಯುತ್ತಲೇ ಇರಲಿಲ್ಲ.

ಆಗಸ್ಟಿನಲ್ಲಿ ಅವಳ ತಾಯಿ ದಿಲ್ಶಾದ್ ಬೇಗಂ ತೀರಿಕೊಂಡರು. ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿದಿತ್ತು. ಮೂರನೇ ದಿನದ ಜಿಯಾರತ್ ಮುಗಿಸಿ, ಐದನೇ ದಿನ ನೌಶೀನ್ ಕೆಲಸಕ್ಕೆ ಬಂದಳು. ಮೇಜಿನ ಮೇಲೆ ಆ ವಾರದ ಕಾಗದಗಳ ನಡುವೆ ತಾಯಿಯದೂ ಇತ್ತು.

"ಅದನ್ನ ಈಚೆ ಕೊಡಮ್ಮ, ಬೇರೆಯೋರ ಕೈಲಿ ಮಾಡಿಸ್ತೀನಿ ಬುಡು," ಎಂದರು ಅಣ್ಣಯ್ಯ.

"ಪರವಾಗಿಲ್ಲ ಸಾರ್."

ಹೆಸರು, ಗಂಡನ ಹೆಸರು, ವಯಸ್ಸು, ತಾರೀಖು. ಪರದೆ ಬೆಳ್ಳಗಾಯಿತು. ಎಫ್ ಫೈವ್, ಓಕೆ. ಮತ್ತೆ ಬೆಳ್ಳಗೆ. ಮತ್ತೆ ಎಫ್ ಫೈವ್, ಓಕೆ. ಮಾರನೇ ದಿನ ಪಟ್ಟಿ ತೆಗೆದರೆ ದಿಲ್ಶಾದ್ ಬೇಗಂ ಒಂದರ ಕೆಳಗೊಂದು ಮೂರು ಸಾಲಿನಲ್ಲಿ ಇದ್ದರು. ಈ ಫಾರಂ ಒಂದನ್ನೇ ಎರಡು ಮೂರು ಸಲ ಒಳಗೆ ತೆಗೆದುಕೊಳ್ಳುತ್ತದೆ ಎಂದು ನೌಶೀನ್‌ಗೆ ತಿಳಿದದ್ದೇ ಆವತ್ತು. ಸಾಲಿನ ಪಕ್ಕದಲ್ಲಿ ಕೆಂಪು ಬಣ್ಣದ ‘ಅಳಿಸಿ’ ಗುಂಡಿ ಇತ್ತು. ಎರಡು ಸಲ ಒತ್ತಿದಳು. ಉಳಿದದ್ದು ಮೊದಲು ತುಂಬಿದ್ದೋ ಕೊನೆಯದೋ ನೋಡಲಿಲ್ಲ. ಆಮೇಲೆ ಡಬ್ಬಿ ಬಿಚ್ಚಿ ಊಟ ಮಾಡಿದಳು.

ಸಂಜೆ ಗೌಸ್ ಪೀರ್ ಮಿಷನ್ನಿನಿಂದ ತಲೆ ಎತ್ತದೆ ಕೇಳಿದರು. "ಅಮ್ಮೀದು ಆಯ್ತಾ ಬೇಟಿ?"

"ಆಯ್ತು ಅಬ್ಬಾ."

ಅಳು ಬರಲಿಲ್ಲ. ಬರುತ್ತದೆ ಎಂದು ಒಂದು ವಾರ ಕಾದಳು. ಆಮೇಲೆ ಕಾಯುವುದನ್ನೂ ಬಿಟ್ಟಳು.

ಫಾರಂನ ಕಾಯಿಲೆಯ ಬಗ್ಗೆ ಅಣ್ಣಯ್ಯನವರು ಒಂದು ಪತ್ರ ಬರೆದರು. ಉತ್ತರ ಬರಲಿಲ್ಲ. ಉತ್ತರ ಬಂದದ್ದು ಜನವರಿಯಲ್ಲಿ, ವರ್ಷದ ವರದಿ ಮೇಲೆ ಹೋದಮೇಲೆ. ಹಿಂದಿನ ವರ್ಷಕ್ಕಿಂತ ಒಂದೂವರೆಪಟ್ಟು ಜನ ಹೇಗೆ ಸತ್ತರು, ಏನಾದರೂ ರೋಗ ಹರಡಿದೆಯೇ ಎಂದು ಮೇಲಿನವರು ಫೋನಿನಲ್ಲೇ ಗದರಿದರು. ಹಿಂದೆಯೇ ಆದೇಶ ಬಂತು. ಒಂದೇ ಹೆಸರು, ಒಂದೇ ತಂದೆ ತಾಯಿ, ಒಂದೇ ತಾರೀಖು, ಒಂದೇ ಸ್ಥಳ ಇರುವ ಸಾಲುಗಳಲ್ಲಿ ಒಂದನ್ನು ಉಳಿಸಿ ಮಿಕ್ಕವನ್ನು ತೆಗೆಯತಕ್ಕದ್ದು. ಮೂರು ದಿನದ ಗಡುವು.

ಕಾಗದದ ಕಟ್ಟುಗಳು ಆಗಲೇ ಅಟ್ಟ ಸೇರಿದ್ದವು. ಅವನ್ನು ಇಳಿಸಿ ಒಂದೊಂದನ್ನೇ ತಾಳೆ ನೋಡುತ್ತಾ ಕೂತರೆ ಮೂರು ದಿನವಲ್ಲ, ಮೂರು ತಿಂಗಳು ಬೇಕು. ನೌಶೀನ್ ಪರದೆಯನ್ನು ನೋಡಿಯೇ ಅಳಿಸಿದಳು. ಮೂರು ದಿನದಲ್ಲಿ ನಾನೂರ ಹನ್ನೆರಡು ಸಾಲು.

ಮಾರ್ಚಿನಲ್ಲಿ ಫಾರಂ ತಯಾರಿಸಿದ ಕಂಪನಿಯಿಂದ ಕಲ್ಲೇಶ್ ಎಂಬ ಇಂಜಿನಿಯರು ತುಮಕೂರಿನಿಂದ ಬಂದ. ಹಾಲ್ಕುರಿಕೆ ಕಡೆಯವನು, ತೆಳ್ಳಗೆ, ಜೇಬಿನಲ್ಲಿ ಎರಡು ಪೆನ್ನು. ಒಂದು ದಿನ ಕೂತು ಏನೋ ಬರೆದು, "ಇನ್ಮೇಲೆ ಅದೇ ವಿವರ ಎರಡನೇ ಸಲ ಒಳಗೆ ಹೋಗಲ್ಲ ಮೇಡಂ. ಫಾರಮ್ಮೇ ತಡೀತದೆ," ಎಂದು ಹೇಳಿ ಬಸ್ಸು ಹತ್ತಿದ. ಅವನು ಹೇಳಿದಂತೆಯೇ ಆಯಿತು. ಎಷ್ಟು ಸಲ ಎಫ್ ಫೈವ್ ಒತ್ತಿದರೂ ಸಾಲು ಒಂದೇ. ಮೇಲಿನಿಂದ ಫೋನು ಬರುವುದು ನಿಂತಿತು.

ಜೂನ್ ತಿಂಗಳ ಒಂದು ಸೋಮವಾರ, ಇನ್ನೂ ಹನ್ನೊಂದು ಗಂಟೆ, ಇಬ್ಬರು ಹೆಂಗಸರು ಬಾಗಿಲಲ್ಲಿ ನಿಂತರು. ಮುಂದಿದ್ದವಳು ಅರವತ್ತರ ಸಿದ್ದಮ್ಮ, ಬಿಳಿಗೆರೆಯವಳು. ಹಿಂದೆ ಪ್ಲಾಸ್ಟಿಕ್ ಕವರನ್ನು ಎದೆಗೆ ಒತ್ತಿಕೊಂಡಿದ್ದವಳು ಅವಳ ಸೊಸೆ ಅನಿತಾ.

"ತಾಯಿ, ಹುಟ್ಟಿದ್ದು ಸತ್ತದ್ದು ಬರಿಯಾದು ಇಲ್ಲೇನಾ?" ಎಂದು ಕೇಳಿದಳು ಸಿದ್ದಮ್ಮ.

"ಎರಡೂ ಇಲ್ಲೇ ಅಜ್ಜಿ. ಬನ್ನಿ, ಕೂತ್ಕೊಳ್ಳಿ."

"ಹಂಗಾದ್ರೆ ನಮ್ಮನೆ ಕೂಸು ಒಂದು ಬದುಕೈತೆ ಅಂತ ಬರ್ದಿರೋರು ನೀವೇಯ."

ನೌಶೀನ್‌ಗೆ ಅರ್ಥವಾಗಲಿಲ್ಲ. ಅನಿತಾ ಹೇಳಿದಳು. ಹೇಳುವಾಗ ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಹೋದ ನವೆಂಬರಿನಲ್ಲಿ ಏಳು ತಿಂಗಳಿಗೇ ಹೆರಿಗೆಯಾಯಿತು. ಅವಳಿ ಹೆಣ್ಣುಮಕ್ಕಳು. ಗಾಜಿನ ಪೆಟ್ಟಿಗೆಯಲ್ಲಿ ಎರಡು ದಿನ ಇದ್ದವು. ಮೂರನೇ ದಿನ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಹೋದವು. ಐದು ತಿಂಗಳು ತವರಲ್ಲಿದ್ದು ಗಂಡನ ಮನೆಗೆ ಬಂದರೆ, ಊರಿಗೆ ಹೊಸದಾಗಿ ವರ್ಗವಾಗಿ ಬಂದ ಸಿಸ್ಟರಮ್ಮ ಲಸಿಕೆಯ ಪಟ್ಟಿ ಹಿಡಿದು ಬಾಗಿಲಿಗೆ ಬಂದರು. ಪಟ್ಟಿಯಲ್ಲಿ ಹುಟ್ಟಿದ್ದು ಎರಡು, ಸತ್ತಿದ್ದು ಒಂದು.

"ಮೂರು ಸಲ ಬಂದ್ರು ಅಕ್ಕ. ಎರಡೂ ಹೋದ್ವು ಅಂದೆ. ಪೇಪರಲ್ಲಿ ಒಂದೇ ಹೋಗಿರೋದು, ಇನ್ನೊಂದನ್ನ ಎಲ್ಲಿ ಕೊಟ್ರಿ ಅಂದ್ರು. ಬೀದಿಯೋರೆಲ್ಲ ನಿಂತಿದ್ರು."

"ಹೆಣ್ಣು ಅಂತ ಯಾರಿಗೋ ಕೊಟ್ಬುಟ್ಟವ್ರೆ ಅಂತ ಈಗ ಊರೆಲ್ಲಾ ಅದೇ ಮಾತು ಕಣವ್ವ," ಎಂದಳು ಸಿದ್ದಮ್ಮ.

ನೌಶೀನ್ ನವೆಂಬರಿನ ಪಟ್ಟಿ ತೆಗೆದಳು. ಹೆಸರಿಡದ ಹೆಣ್ಣುಮಗು, ತಾಯಿ ಅನಿತಾ, ಬಿಳಿಗೆರೆ. ನೋಂದಣಿ ಸಂಖ್ಯೆ ಎಂಟುನೂರ ಎಪ್ಪತ್ತೊಂದು. ಅದರ ಕೆಳಗಿನ ಸಾಲು ಎಂಟುನೂರ ಎಪ್ಪತ್ತಮೂರು, ಯಾರೋ ಮುದುಕರು. ಎಪ್ಪತ್ತೆರಡು ಇಲ್ಲ. ಅಳಿಸಿದ ಕಡೆಯಲ್ಲೆಲ್ಲ ಹೀಗೆ ಒಂದು ಸಂಖ್ಯೆ ಬಿಟ್ಟುಹೋಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಏಣಿ ಹಾಕಿಕೊಂಡು ಅಟ್ಟ ಹತ್ತಿದಳು. ನವೆಂಬರಿನ ಕಟ್ಟು ಗೋಣಿಚೀಲದಡಿ ಸಿಕ್ಕಿತು. ಅದರಲ್ಲಿ ಎರಡು ಕಾಗದ ಒಂದರ ಹಿಂದೊಂದು ಇದ್ದವು. ಒಂದೇ ಕೈಬರಹ, ಒಂದೇ ನೀಲಿ ಶಾಯಿ, ಒಂದೇ ತಾಯಿ, ಒಂದೇ ದಿನ, ಒಂದೇ ಆಸ್ಪತ್ರೆಯ ಮೊಹರು. ಜನನದ ಫಾರಂನಲ್ಲಿ ಹುಟ್ಟಿದ ಗಳಿಗೆ ತುಂಬುವ ಮನೆ ಇತ್ತು, ಆದ್ದರಿಂದ ಅಲ್ಲಿ ಎರಡೂ ಉಳಿದಿದ್ದವು. ಮರಣದ ಫಾರಂನಲ್ಲಿ ಅದಿರಲಿಲ್ಲ. ಬೇರೆ ಇದ್ದದ್ದು ಮೂಲೆಯಲ್ಲಿ ಅಣ್ಣಯ್ಯ ಬರೆದ ಕೆಂಪು ನಂಬರು ಮಾತ್ರ. ಒಂದರ ಮೇಲೆ ಐನೂರ ಹದಿನಾರು, ಇನ್ನೊಂದರ ಮೇಲೆ ಐನೂರ ಹದಿನೇಳು. ಎರಡನ್ನೂ ತುಂಬಿದವಳು ನೌಶೀನ್. ಎರಡು ತಿಂಗಳ ನಂತರ ಒಂದನ್ನು ಅಳಿಸಿದವಳೂ ಅವಳೇ.

ಎರಡು ಕಾಗದವನ್ನೂ ಕಟ್ಟಿನಿಂದ ಬಿಡಿಸಿಕೊಂಡಳು. ದುಪಟ್ಟಾಕ್ಕೆ ಧೂಳು ಮೆತ್ತಿತ್ತು. ಅದನ್ನು ಕೊಡವಿ ಕೆಳಗಿಳಿದಳು.

"ನಾನೇ ಅಳಿಸಿದ್ದು," ಎಂದಳು. "ಎರಡೂ ಒಂದೇ ತರ ಇತ್ತು. ಒಂದೇ ಎರಡು ಸಲ ಬಂದಿದೆ ಅಂದ್ಕೊಂಡೆ."

ಅಣ್ಣಯ್ಯ ಪೆನ್ನು ಕೆಳಗಿಟ್ಟರು. ಸಿದ್ದಮ್ಮ ಬೈಯುತ್ತಾಳೆಂದು ನೌಶೀನ್ ಕಾದಳು. ಬೈದಿದ್ದರೆ ಒಳ್ಳೆಯದಿತ್ತು.

"ಹೆಸ್ರಿಟ್ಟಿದ್ರೆ ಹಿಂಗಾಗ್ತಿರ್ಲಿಲ್ವಾ ತಾಯಿ?" ಎಂದು ಕೇಳಿದಳು ಸಿದ್ದಮ್ಮ. "ಹನ್ನೊಂದು ದಿನ ಆಗ್ಲಿ ಅಂತ ನಾನೇ ಅಂದಿದ್ದೆ."

ಉತ್ತರ ಕೊಟ್ಟವಳು ಅನಿತಾ. "ಒಂದೇ ತರಾನೇ ಇದ್ವು ಅಕ್ಕ. ನರ್ಸಮ್ಮಂಗೂ ಗೊತ್ತಾಗ್ತಿರ್ಲಿಲ್ಲ. ದೊಡ್ಡದಕ್ಕೆ ಕಿವಿ ಹತ್ರ ಕೂದ್ಲು ಜಾಸ್ತಿ ಇತ್ತು."

ಕಳೆದುಹೋದ ಸಾವನ್ನು ಮತ್ತೆ ಬರೆಯುವುದು ಸುಲಭವಿರಲಿಲ್ಲ. ತಿಂಗಳು ಮೀರಿದ್ದರಿಂದ ಅಫಿಡವಿಟ್ ಬೇಕು, ಮೇಲಿನವರ ಅನುಮತಿ ಬೇಕು, ಮೊದಲ ನಮೂದು ಏಕೆ ಹೋಯಿತೆಂದು ಕಚೇರಿಯ ವಿವರಣೆ ಬೇಕು. ಅನಿತಾಳ ಅರ್ಜಿಯನ್ನು ಅಣ್ಣಯ್ಯನವರೇ ಬರೆದುಕೊಟ್ಟರು. ವಿವರಣೆಯ ಹಾಳೆಯನ್ನೂ ಬರೆದು ನೌಶೀನ್ ಮುಂದೆ ಇಟ್ಟರು. ತಾಂತ್ರಿಕ ದೋಷದಿಂದ ಎಂದಿತ್ತು.

"ನೀನು ಗುತ್ತಿಗೆಯೋಳು. ನಿನ್ ಹೆಸ್ರು ಬರಿಬೇಡ ಕಣಮ್ಮ."

ಅವಳು ಹೊಸ ಹಾಳೆ ತೆಗೆದುಕೊಂಡಳು. ಕಾಗದವನ್ನು ನೋಡದೆ ನಾನೇ ಅಳಿಸಿದೆ ಎಂದು ಬರೆದು ಸಹಿ ಹಾಕಿದಳು. ಧೈರ್ಯ ಅದಲ್ಲ. ಬೇರೆ ಏನು ಬರೆಯಬೇಕೆಂದು ಅವಳಿಗೆ ಹೊಳೆಯಲಿಲ್ಲ, ಅಷ್ಟೇ.

ಅನುಮತಿ ಬರಲು ಐದು ವಾರ ಹಿಡಿಯಿತು. ಜುಲೈ ತಿಂಗಳಲ್ಲಿ ಅನಿತಾ ಮೊಹರು ಬಿದ್ದ ಕಾಗದ ತಂದುಕೊಟ್ಟು ಬೆಂಚಿನ ಮೇಲೆ ಕೂತಳು. ನೌಶೀನ್ ಫಾರಂ ತುಂಬಿ ‘ಸಲ್ಲಿಸಿ’ ಒತ್ತಿದಳು. ಈ ಸಲ ಪರದೆ ಬೆಳ್ಳಗಾಗಲಿಲ್ಲ. ಕೆಂಪು ಅಕ್ಷರ ಮೂಡಿತು. ಈ ವಿವರ ಈಗಾಗಲೇ ದಾಖಲಾಗಿದೆ.

ಮತ್ತೊಮ್ಮೆ ತುಂಬಿದಳು. ಅದೇ ಉತ್ತರ. ಮಾರ್ಚಿನಲ್ಲಿ ಕಲ್ಲೇಶ್ ಕಟ್ಟಿದ ತಡೆ ಅದು. ಜನವರಿಯಲ್ಲಿ ನೌಶೀನ್ ಮಾಡಿದ್ದನ್ನು ಈಗ ಫಾರಂ ತಾನಾಗಿಯೇ ಮಾಡುತ್ತಿತ್ತು.

ಅಣ್ಣಯ್ಯ ಬಂದು ನೋಡಿದರು. ಸಣ್ಣ ದನಿಯಲ್ಲಿ, "ತಾರೀಖು ಒಂದಿನ ಮುಂದಕ್ಕೆ ಹಾಕಮ್ಮ, ಹೋಗ್ತದೆ. ಯಾರಿಗೇನು ನಷ್ಟ?" ಎಂದರು.

ನೌಶೀನ್‌ಳ ಬೆರಳು ತಾರೀಖಿನ ಮನೆಗೆ ಹೋಯಿತು. ಹೌದು, ಯಾರಿಗೂ ನಷ್ಟವಿರಲಿಲ್ಲ. ಅಷ್ಟರಲ್ಲಿ ಅನಿತಾ ಬೆಂಚಿನಿಂದ ಎದ್ದು ಬಂದಿದ್ದಳು.

"ಒಂದೇ ದಿನ ಅಕ್ಕ ಹೋಗಿದ್ದು," ಎಂದಳು. ಜಗಳಕ್ಕೆ ಹೇಳಿದ್ದಲ್ಲ, ಗೊತ್ತಿಲ್ಲದವರಿಗೆ ತಿಳಿಸಿದ್ದು. "ಒಂದೇ ಗುಂಡೀಲಿ ಇಟ್ಟಿದ್ದು."

ನೌಶೀನ್ ಕೀಲಿಯಿಂದ ಕೈ ತೆಗೆದಳು. ತುಮಕೂರಿಗೆ ಫೋನ್ ಮಾಡಿದಳು. ಕಲ್ಲೇಶ್ ಎಲ್ಲವನ್ನೂ ಕೇಳಿದ. "ಅವಳಿ ಅಂತ ನನ್ ತಲೇಗೇ ಬರ್ಲಿಲ್ಲ ಮೇಡಂ. ಬುಧವಾರ ಬತ್ತೀನಿ," ಎಂದ.

ಬುಧವಾರ ಮೊದಲ ಬಸ್ಸಿಗೇ ಬಂದ. ತಡೆ ತೆಗೆದುಹಾಕಿದರೆ ಮತ್ತೆ ಎಫ್ ಫೈವ್ ಕಾಟ, ಇಟ್ಟರೆ ಅವಳಿಗಳು ಒಳಗೆ ಹೋಗುವುದಿಲ್ಲ. ಅವಳಿ ಹೌದೇ ಎಂದು ಕೇಳುವ ಒಂದು ಮನೆ ಸೇರಿಸಿಬಿಡುತ್ತೇನೆ ಎಂದ.

ನೌಶೀನ್ ಅಟ್ಟದಿಂದ ತಂದಿದ್ದ ಎರಡು ಕಾಗದವನ್ನು ಅವನ ಮುಂದಿಟ್ಟಳು. "ಇಲ್ಲಿ ನೋಡಿ ಸಾರ್. ಅಣ್ಣಯ್ಯ ಸಾರ್ ಒಂದೊಂದಕ್ಕೂ ನಂಬರ್ ಹಾಕಿದ್ದಾರೆ. ಒಳಗೆ ಏನು ಬರೆದಿದೆ ಅಂತ ನೋಡಿ ಹಾಕಿದ್ದಲ್ಲ. ಒಂದು ಕಾಗದ ಬಂತು, ಒಂದು ನಂಬರ್. ಇನ್ನೊಂದು ಬಂತು, ಇನ್ನೊಂದು ನಂಬರ್. ಅದೇ ಕಾಗದ ತಿರುಗಿ ಕೈಗೆ ಬಂದ್ರೆ ಹೊಸ ನಂಬರ್ ಹಾಕಲ್ಲ. ನಿಮ್ಮ ಫಾರಂ ಕಾಗದ ನೋಡ್ತಾ ಇಲ್ಲ, ಅಕ್ಷರ ನೋಡ್ತಾ ಇದೆ."

ಕಲ್ಲೇಶ್ ಕೆಂಪು ನಂಬರುಗಳನ್ನು ನೋಡಿದ. ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೇ ಏನೋ ಗೀಚಿಕೊಂಡ.

ಎರಡು ದಿನ ಕೂತು ಮಾಡಿದ್ದು ಇಷ್ಟು. ಖಾಲಿ ಫಾರಂ ತೆರೆದ ತಕ್ಷಣ ಅದರೊಳಗೆ ಕಣ್ಣಿಗೆ ಕಾಣದ ಹಾಗೆ ಒಂದು ನಂಬರು ಬಂದು ಕೂರುತ್ತದೆ. ಒಮ್ಮೆ ಸಲ್ಲಿಸಿದರೆ ಆ ನಂಬರು ಮುಗಿಯಿತು. ಅದೇ ನಂಬರಿನ ಫಾರಂ ಎರಡನೇ ಸಲ, ಹತ್ತನೇ ಸಲ ಬಂದರೂ ಹೊಸ ಸಾಲು ಹುಟ್ಟುವುದಿಲ್ಲ. ಹೊಸ ಫಾರಂ ತೆರೆದು ಅದೇ ವಿವರ ತುಂಬಿದರೆ ನಂಬರು ಬೇರೆ, ಆದ್ದರಿಂದ ಅದು ಬೇರೆಯೇ ಮನುಷ್ಯ. ಇನ್ನೊಂದು ಕೆಲಸವನ್ನೂ ಮಾಡಿದ. ಒಳಗೆ ಹೋದ ಮೇಲೆ ಪರದೆ ಫಾರಂ ಮೇಲೇ ನಿಲ್ಲದೆ ಸ್ವೀಕೃತಿಯ ಬೇರೆ ಪುಟಕ್ಕೆ ಹೋಗುತ್ತದೆ. ಅಲ್ಲಿ ಎಫ್ ಫೈವ್ ಒತ್ತಿದರೆ ಸ್ವೀಕೃತಿಯೇ ಮತ್ತೆ ಕಾಣುತ್ತದೆಯೇ ಹೊರತು ಯಾರೂ ಮತ್ತೆ ಸಾಯುವುದಿಲ್ಲ.

ಶುಕ್ರವಾರ ಅನಿತಾಳನ್ನು ಕರೆಸಿದರು. "ಮೊದ್ಲು ಇದನ್ನೇ ಹಾಕಿ, ಎಫ್ ಫೈವ್ ಒತ್ತಿ ನೋಡಾಣ ಮೇಡಂ," ಎಂದ ಕಲ್ಲೇಶ್.

"ಈ ಮಗು ಮೇಲೆ ಬೇಡ ಸಾರ್."

ಅವನು ಸುಳ್ಳು ಹೆಸರಿನದೊಂದನ್ನು ತುಂಬಿ ಏಳೆಂಟು ಸಲ ಕೀಲಿ ಕುಟ್ಟಿ ನೋಡಿದ. ಒಂದೇ ಸಾಲು. ಅದನ್ನು ಅಳಿಸಿ ಕುರ್ಚಿ ಬಿಟ್ಟ. ನೌಶೀನ್ ಕೂತು ಹೊಸ ಫಾರಂ ತೆರೆದಳು. ಹೆಸರಿಡದ ಹೆಣ್ಣುಮಗು, ತಾಯಿ ಅನಿತಾ, ಬಿಳಿಗೆರೆ. ನವೆಂಬರಿನ ಆ ದಿನದ್ದೇ ತಾರೀಖು. ಒತ್ತಿದಳು. ಪರದೆ ಬೆಳ್ಳಗಾಯಿತು. ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಕಾದಳು. ಹೊರಗೆ ಕಾಯಿ ತುಂಬಿದ ಲಾರಿಯೊಂದು ಗೇರು ಬದಲಿಸುತ್ತಾ ಹೋಯಿತು. ಸ್ವೀಕೃತಿ ಬಂತು.

ಅನಿತಾ ಅಚ್ಚಾಗಿ ಬಂದ ಕಾಗದವನ್ನು ಎರಡು ಸಲ ಓದಿ, ಕವರಿನಲ್ಲಿ ಮೊದಲ ಮಗುವಿನ ಕಾಗದದ ಜೊತೆಗಿಟ್ಟಳು. "ಸಿಸ್ಟರಮ್ಮಂಗೆ ತೋರಿಸ್ಬೋದಾ ಇದನ್ನ?"

"ತೋರಿಸಿ. ಇನ್ನು ಬರಲ್ಲ ಅವರು."

"ಬತ್ತಾರೆ ಬುಡಿ," ಎಂದಳು ಅನಿತಾ. "ಪಕ್ಕದ ಮನೇಲಿ ಮಗು ಐತೆ." ಹನ್ನೆರಡೂವರೆಯ ಬಸ್ಸಿಗೆ ಹೊರಟುಹೋದಳು.

ಮುಂದಿನ ಎರಡು ತಿಂಗಳು ನೌಶೀನ್ ದಿನವೂ ಒಂದು ಗಂಟೆ ಮುಂಚೆ ಕಚೇರಿಗೆ ಬಂದಳು. ಬಿಟ್ಟುಹೋದ ನಾನೂರ ಹನ್ನೆರಡು ಸಂಖ್ಯೆಗಳನ್ನೂ ಬರೆದುಕೊಂಡು, ಒಂದೊಂದಕ್ಕೂ ಅಟ್ಟದ ಕಾಗದ ಹುಡುಕಿದಳು. ಯಾರೂ ಹೇಳಿರಲಿಲ್ಲ. ತಪ್ಪಿಗೆ ಕಾರಣ ಕೇಳಿ ಮೇಲಿನಿಂದ ಅವಳಿಗೆ ಒಂದು ಮೆಮೊ ಬಂದಿತ್ತು, ಮಾರ್ಚಿಗೆ ಮುಗಿಯುವ ಗುತ್ತಿಗೆ ಮುಂದುವರಿಯುವುದಿಲ್ಲವೆಂದು ಅಣ್ಣಯ್ಯ ಮೊದಲೇ ಹೇಳಿದ್ದರು. ಆದರೂ ಹುಡುಕಿದಳು. ಒಂದೊಂದರಲ್ಲೂ ಕಾಗದ ಒಂದೇ, ಸಾಲು ಎರಡೋ ಮೂರೋ, ಅಳಿಸಿದ್ದು ಸರಿ. ಬಿಳಿಗೆರೆಯದನ್ನು ಬಿಟ್ಟರೆ ತಪ್ಪು ಸಿಕ್ಕಿದ್ದು ಇನ್ನೊಂದೇ. ಹುಳಿಯಾರಿನ ಹತ್ತಿರದ ಕೆಂಕೆರೆಯ ಮಾರಯ್ಯ, ಸಿದ್ದಗಂಗಮ್ಮ ದಂಪತಿಯ, ಒಂದೇ ದಿನ ತೀರಿಕೊಂಡ ಅವಳಿ ಗಂಡುಮಕ್ಕಳು. ಅವರು ಈವರೆಗೆ ಕೇಳಿಕೊಂಡು ಬಂದಿರಲಿಲ್ಲ.

ಅರ್ಜಿಗೆ ತಂದೆಯ ಸಹಿ ಬೇಕಿತ್ತು. ಒಂದು ಭಾನುವಾರ ಬೆಳಿಗ್ಗೆ ಹುಳಿಯಾರು ಬಸ್ಸು ಹತ್ತಿ, ಕೆಂಕೆರೆಯಲ್ಲಿ ಕೇಳಿಕೊಂಡು ಹೋದಳು. ಮಾರಯ್ಯ ಮನೆಯ ಮುಂದೆ ನೆಟ್ಟ ಹಾರೆಯ ಮೇಲೆ ಕಾಯಿ ಸುಲಿಯುತ್ತಿದ್ದ. ಅವಳು ಹೇಳಿದ್ದನ್ನು ಕೈ ನಿಲ್ಲಿಸದೆ ಕೇಳಿದ. ಕೊನೆಗೆ ನಿಲ್ಲಿಸಿದ.

"ಹಂಗಾದ್ರೆ ಇಷ್ಟು ದಿನ ಒಂದು ಇತ್ತು," ಎಂದ.

"ಕಾಗದದಲ್ಲಿ ಮಾತ್ರ ಅಣ್ಣ. ತಪ್ಪು ನನ್ನದು."

ಕೈಯನ್ನು ಟವಲಿಗೆ ಒರೆಸಿಕೊಂಡು ಅರ್ಜಿ ತೆಗೆದುಕೊಂಡ. ಮನೆಯ ಬಾಗಿಲ ಕಡೆ ಒಮ್ಮೆ ನೋಡಿ, "ಅವ್ಳಿಗೆ ಹೇಳ್ಬೇಡ ಕಣವ್ವ. ಈಗೊಂದು ತಿಂಗ್ಳಿಂದ ಊಟ ಮಾಡ್ತಾವ್ಳೆ," ಎಂದು ಸಹಿ ಹಾಕಿದ.

ಅಷ್ಟರಲ್ಲಿ ಸಿದ್ದಗಂಗಮ್ಮ ಚೊಂಬಿನಲ್ಲಿ ನೀರು, ಅಂಗೈಯಲ್ಲಿ ಬೆಲ್ಲ ತಂದಳು. ನೌಶೀನ್‌ಳ ವಯಸ್ಸಿನವಳೇ. ಯಾರು ಎಂದು ಗಂಡನನ್ನು ಕೇಳಿದಳು.

"ಓಟಿನ ಲಿಸ್ಟ್ ಬರ್ಕಳೋಕೆ ಬಂದವ್ರೆ," ಎಂದ ಮಾರಯ್ಯ.

"ಹೌದಾ. ನಿಮಗೆ ಮಕ್ಳೆಷ್ಟು ಅಕ್ಕ?"

"ನನಗಿನ್ನೂ ಮದುವೆ ಆಗಿಲ್ಲ."

"ನಮಗೂ ಇನ್ನೂ ಇಲ್ಲ," ಎಂದಳು ಸಿದ್ದಗಂಗಮ್ಮ. "ಮನೇಲಿ ಇಬ್ರೇ ಅಂತ ಬರ್ಕಳಿ."

ನೌಶೀನ್ ನೀರು ಕುಡಿದಳು. ಬೆಲ್ಲವನ್ನು ಬಾಯಿಗೆ ಹಾಕಿಕೊಂಡಳು. ಬರೆದುಕೊಳ್ಳುತ್ತೇನೆ ಎಂದು ತಲೆಯಾಡಿಸಿ, ಅರ್ಜಿಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ರಸ್ತೆಗೆ ಬಂದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತೋಟಗಳು ಹಿಂದಕ್ಕೆ ಹೋಗುತ್ತಿದ್ದವು. ಎಲ್ಲಿಯೋ ನಿದ್ದೆ ಹತ್ತಿತು. ಕಂಡಕ್ಟರು ಎಬ್ಬಿಸಿದಾಗ ಬಸ್ಸು ತಿಪಟೂರಿನ ಸ್ಟ್ಯಾಂಡಿನಲ್ಲಿ ನಿಂತು, ಜನರೆಲ್ಲ ಇಳಿದುಹೋಗಿದ್ದರು.